ಸೋಮನನ್ನು ಕೂರಿಸಿ ಬರೆದ ಚಿತ್ರಗಳು

ನಾವು ಚಿಕ್ಕವರಾಗಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾರ ಅರಮನೆ ಇರುತ್ತಿತ್ತು, ಇನ್ನೊಂದು ವಾರ ಕಾಡು. ಶಿವಮೊಗ್ಗದ ಕೋಟೆಯಲ್ಲಿ, ತುಂಗೆಯ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಅಪ್ಪಾಜಿ ನಾಟಕದ ಕಂಪನಿಗಳಿಗೆ ಪರದೆ ಬರೆದುಕೊಡುತ್ತಿದ್ದರು. ಊರಿನವರೆಲ್ಲ ಅವರನ್ನು ಪರದೆ ಬಸಪ್ಪ ಎಂದೇ ಕರೆಯುತ್ತಿದ್ದರು. ಗೋಡೆಯ ಈ ತುದಿಯಿಂದ ಆ ತುದಿಗೆ ಬಟ್ಟೆ ಬಿಗಿದು, ಏಣಿಯ ಮೇಲೆ ನಿಂತು, ಅವರು ಕಂಬ, ಕಮಾನು, ದೀಪದ ಗೊಂಚಲುಗಳನ್ನು ಬರೆಯುತ್ತಿದ್ದರೆ ನಾನೂ ನನ್ನ ತಮ್ಮ ಸೋಮನೂ ಕೆಳಗೆ ಆಡಿಕೊಂಡಿರುತ್ತಿದ್ದೆವು. ಅರಮನೆ ಇದ್ದಾಗ ನಾನು ರಾಣಿ, ಅವನು ಬಾಗಿಲು ಕಾಯುವವನು. ಕಾಡು ಬಂದಾಗ ಅವನು ಹುಲಿ. ಹುಲಿಯಾದ ದಿನ ಅವನು ಊಟಕ್ಕೂ ನಾಲ್ಕು ಕಾಲಿನಲ್ಲೇ ಬರುತ್ತಿದ್ದ.

ಬಣ್ಣದ ಪುಡಿಗೆ ಬೆರೆಸಲು ಅಂಟು ಕುದಿಸಬೇಕಿತ್ತು. ಚರ್ಮ ಸುಟ್ಟಂಥ ನಾತ ಅದು. ಶಾಲೆಯ ಗೆಳತಿಯರು ನಮ್ಮ ಮನೆಯ ಮುಂದೆ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ನನಗೆ ಮಾತ್ರ ಶಾಲೆಯಿಂದ ಬಂದು ಓಣಿ ತಿರುಗುತ್ತಿದ್ದಂತೆ ಆ ವಾಸನೆ ಬಡಿದರೆ ಮನೆಗೆ ಬಂದ ಸಮಾಧಾನ.

ಆಮೇಲೆ ಎರಡನೆಯ ಮಹಾಯುದ್ಧ ಶುರುವಾಯಿತು. ಬೇರೆಯವರ ಮನೆಗೆ ಯುದ್ಧ ಹೇಗೆ ಬಂತೋ ತಿಳಿಯದು. ನಮ್ಮ ಮನೆಗೆ ಅದು ನೀಲಿ ಬಣ್ಣ ಸಿಗದಂತೆ ಮಾಡಿಕೊಂಡು ಬಂತು. ಬಜಾರದಲ್ಲೆಲ್ಲ ಕೇಳಿದರೂ ಇಲ್ಲ, ಬೆಂಗಳೂರಿಗೆ ಬರೆದರೂ ಇಲ್ಲ. ಅಪ್ಪಾಜಿ ಆ ಸಲದ ಕಾಡಿಗೆ ಆಕಾಶವನ್ನು ಬೂದು ಬಣ್ಣದಲ್ಲಿ ಬರೆದರು. ನೀಲಿಯ ಹಿಂದೆ ಬಟ್ಟೆ ಹೋಯಿತು, ಬಟ್ಟೆಯ ಹಿಂದೆ ಸೀಮೆಎಣ್ಣೆ. ಗ್ಯಾಸ್‌ಲೈಟು ಉರಿಸಲಾಗದ ಮೇಲೆ ನಾಟಕವೆಲ್ಲಿಯದು? ಕೊನೆಯ ಕಂಪನಿ ಊರು ಬಿಡುವಾಗ ಅರಮನೆ ಕಾಡುಗಳನ್ನೆಲ್ಲ ಸುತ್ತಿ ಎತ್ತಿನ ಗಾಡಿಗೆ ಹೇರಿಕೊಂಡು ಹೋಯಿತು. ಆ ಪರದೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಣ್ಣ ತೆಗೆದು, ನಟರಿಗೆ ಅಂಗಿ ಹೊಲಿಸಿದರಂತೆ ಎಂದು ಆಮೇಲೆ ಕೇಳಿದೆವು. ಅಪ್ಪಾಜಿ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. "ಒಳ್ಳೇದಾಯ್ತು ಬಿಡು, ಬಟ್ಟೆ ಗಟ್ಟಿಯಾಗಿತ್ತು" ಎಂದರು.

ಕೊನೆಯಲ್ಲಿ ಅಕ್ಕಿ ಹೋಯಿತು. ಬೆಳಿಗ್ಗೆ ಎದ್ದು ಅಮ್ಮನ ಜೊತೆ ರೇಷನ್ ಡಿಪೋ ಮುಂದೆ ಸಾಲು ನಿಲ್ಲುವುದು ನನ್ನ ಕೆಲಸವಾಯಿತು. ಒಂದು ವಾರ ಕಲ್ಲು ಬೆರೆತ ನುಚ್ಚು ಕೊಡುತ್ತಿದ್ದರು, ಒಂದು ವಾರ ಮುಗ್ಗಲು ಹಿಡಿದ ಗೋಧಿ. ಗೋಧಿಯನ್ನು ಏನು ಮಾಡುವುದೆಂದು ನಮ್ಮ ಓಣಿಯ ಹೆಂಗಸರಿಗೆ ತಿಳಿಯದು. ಅಮ್ಮ ಅದನ್ನು ಅನ್ನದಂತೆ ಬೇಯಿಸಿದಳು. ಅದು ಬೆಂದಿತೆಂದೂ ಹೇಳುವಂತಿರಲಿಲ್ಲ, ಬೇಯಲಿಲ್ಲವೆಂದೂ ಹೇಳುವಂತಿರಲಿಲ್ಲ. ಆಯನೂರಿನಿಂದ ಸೋದರಮಾವ ಬಂದರೆ ಒಂದು ಚೀಲ ಗೆಣಸು ತರುತ್ತಿದ್ದ. ಗೆಣಸು ಬೇಯುವ ಸಿಹಿ ವಾಸನೆಗೆ ಸೋಮ ಒಲೆಯ ಮುಂದೆಯೇ ಕೂತುಬಿಡುತ್ತಿದ್ದ. ಅವನಿಗೆ ಆಗ ಆರು ವರ್ಷ, ನನಗೆ ಹತ್ತು.

ಪರದೆಯ ಕೆಲಸ ನಿಂತ ಮೇಲೆ ಅಪ್ಪಾಜಿಗೆ ಸಿಕ್ಕಿದ್ದು ತಗಡಿನ ಬೋರ್ಡು ಬರೆಯುವ ಕೆಲಸ. ಜನ ಹೆಚ್ಚು ದವಸ ಬೆಳೆಯಬೇಕೆಂದು ಸರ್ಕಾರ ಊರೂರಿಗೆ ಬೋರ್ಡು ಹಾಕಿಸುತ್ತಿತ್ತು. ಭತ್ತದ ರಾಶಿ, ಪಕ್ಕದಲ್ಲಿ ನಗುವ ರೈತ. ಅಪ್ಪಾಜಿ ತಾವು ಕಂಡಂತೆ ರೈತನನ್ನು ಬರೆದರು. ನೋಡಲು ಬಂದ ಸಾಹೇಬರು ಛತ್ರಿಯ ತುದಿಯಿಂದ ರೈತನ ಎದೆಯನ್ನು ಮುಟ್ಟಿ ಕೇಳಿದರು.

"ಏನ್ರೀ ಬಸಪ್ಪ ಇದು, ಪಕ್ಕೆಲುಬು ಎಣಿಸ್ಬಹುದಲ್ರೀ? ಇವನನ್ನು ನೋಡಿ ಯಾರ್ರೀ ಬೇಸಾಯ ಮಾಡ್ತಾರೆ?"

"ಸ್ವಾಮಿ, ಆಲ್ಕೊಳದ ಕಡೆಯಿಂದ ಸೌದೆ ಹೊತ್ಕೊಂಡ್ ಬರ್ತಾನಲ್ಲ, ಅವನನ್ನ ನೋಡಿ ಬರೆದೆ."

"ಅವನನ್ನ ಯಾಕ್ರೀ ನೋಡ್ತೀರಿ? ದಪ್ಪ ಮಾಡಿ."

ಅಪ್ಪಾಜಿ ದಪ್ಪ ಮಾಡಿದರು. ಎದೆ ತುಂಬಿಸಿದರು, ಕೆನ್ನೆ ತುಂಬಿಸಿದರು, ಭತ್ತದ ರಾಶಿಯನ್ನು ಇನ್ನೂ ಮೇಲಕ್ಕೆ ಎಳೆದರು. ಸೋಮ ಆ ರಾಶಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ತುಂಬ ಹೊತ್ತು ನೋಡಿದ. "ಅಪ್ಪಾಜಿ, ಇದು ಯಾವ ಊರಲ್ಲಿದೆ?" ಎಂದು ಕೇಳಿದ. ಅಪ್ಪಾಜಿ ಕುಂಚ ತೊಳೆಯಲು ಹಿತ್ತಲಿಗೆ ಹೋದರು.

ಅಂಥದ್ದೇ ಇನ್ನೊಂದು ಚಿತ್ರವನ್ನು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕೆಲಸಗಾರರು ಇದ್ದ ಲೈನುಮನೆಗಳ ಹತ್ತಿರ ಒಂದು ಗೋಡೆಯ ಮೇಲೆ ಬರೆಯಬೇಕಿತ್ತು. ಮಳೆ ನಿಂತು ಚಳಿಜ್ವರ ಎದ್ದಿದ್ದ ದಿನಗಳು. ಅಮ್ಮ ಜ್ವರದಲ್ಲಿ ಮಲಗಿದ್ದಳು. ನಮ್ಮನ್ನು ನೋಡಿಕೊಳ್ಳುವವರಿಲ್ಲವೆಂದು ಅಪ್ಪಾಜಿ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋದರು. ರೈಲಿನಲ್ಲಿ ಹೋಗುವುದೆಂದರೆ ನಮಗೆ ಹಬ್ಬ. ಕಿಟಕಿಗೆ ಮುಖ ಕೊಟ್ಟು ಕೂತು, ಭದ್ರಾವತಿಯಲ್ಲಿ ಇಳಿಯುವ ಹೊತ್ತಿಗೆ ಕಲ್ಲಿದ್ದಲ ಪುಡಿಯಿಂದ ಸೋಮನ ಮೂಗಿನ ತುದಿ ಕಪ್ಪಾಗಿತ್ತು.

ಅಪ್ಪಾಜಿ ಗೋಡೆಯ ಮೇಲೆ ರೈತನ ಮುಖ ಬರೆಯುತ್ತಿದ್ದಾಗ ಒಬ್ಬ ಹೆಂಗಸು ಬಂದು ನಿಂತಳು. ನೀರಿನ ಕೊಡವನ್ನು ಕೆಳಗಿಟ್ಟವಳು ಮತ್ತೆ ಎತ್ತಿಕೊಳ್ಳಲಿಲ್ಲ. ಮುನಿಯಮ್ಮ ಎಂದು ಅವಳ ಹೆಸರು. ಸೇಲಂ ಕಡೆಯವಳು, ಗಂಡ ಕುಲುಮೆಯ ಕೆಲಸದಲ್ಲಿದ್ದ. ಇದೆಲ್ಲ ಆಮೇಲೆ ತಿಳಿದದ್ದು. ಅಂದು ಅವಳು ಕೇಳಿದ್ದು ಇಷ್ಟೇ.

"ಸಾಮಿ, ನೀನು ಯಾರ ಮೊಗ ಬೇಕಾದ್ರೂ ಬರೀತೀಯಾ?"

"ಬರೀತೀನಮ್ಮ. ಯಾರದ್ದು ಬೇಕು?"

"ನಮ್ ಪೈಯನ್ದು."

"ಕರ್ಕೊಂಡ್ ಬಾ. ಕೈ ಬಿಡುವಾದಾಗ ಬರ್ದ್ ಕೊಡ್ತೀನಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಅವ್ನು ಇಲ್ಲ ಸಾಮಿ. ಜರ ಬಂದು ಹೋಗ್ಬಿಟ್ಟ. ಹೋದ ಅಮಾಸೆಗೆ."

ಅಪ್ಪಾಜಿ ಏಣಿಯಿಂದ ಇಳಿದರು. "ಫೋಟೋ ಏನಾದ್ರೂ ಇದೆಯೇನಮ್ಮ?"

"ನಮ್ಗೆಲ್ಲಿಂದ ಪೋಟೋ?"

"ಮತ್ತೆ ನಾನು ನೋಡದೇ ಇರೋ ಮಗೂನ ಹೇಗೆ ಬರೀಲಿ ತಾಯಿ?"

ಅವಳು ಸೋಮನ ಕಡೆಗೆ ಕೈ ತೋರಿಸಿದಳು. ಅವನು ಮಣ್ಣಿನಲ್ಲಿ ಕಬ್ಬಿಣದ ಚೂರು ಹುಡುಕುತ್ತಿದ್ದ. "ಇವ್ನಂಗೇ ಇದ್ದ. ಇಷ್ಟೇ ಎತ್ರ. ಇವ್ನನ್ನ ನೋಡಿ ಬರಿ ಸಾಮಿ. ಬೇರೆ ಇರೋದನ್ನ ನಾ ಹೇಳ್ತೀನಿ."

ಅಪ್ಪಾಜಿ ಹಾಗೆಯೇ ಮಾಡಿದರು. ಅವರ ಚೀಲದಲ್ಲಿ ಹಳೆಯ ನಾಟಕದ ದೊಡ್ಡ ಭಿತ್ತಿಪತ್ರಗಳಿದ್ದವು. ಒಂದರ ಹಿಂಬದಿಯನ್ನು ಹಲಗೆಗೆ ಅಂಟಿಸಿದರು. ಸೋಮನನ್ನು ಮುನಿಯಮ್ಮನ ಮನೆಯ ಹೊಸ್ತಿಲ ಮೇಲೆ ಕೂರಿಸಿ, ಕೈ ಮೊಣಕಾಲ ಮೇಲಿಟ್ಟುಕೊಂಡು ಅಲುಗಾಡಬೇಡ ಎಂದರು. ಅವನು ಅಲುಗಾಡಲಿಲ್ಲ. ಮುನಿಯಮ್ಮ ಅಪ್ಪಾಜಿಯ ಬೆನ್ನ ಹಿಂದೆ ನಿಂತು ಹೇಳುತ್ತ ಹೋದಳು. ಕಿವಿ ಇನ್ನೂ ದೊಡ್ಡದು, ವೀಳ್ಯದೆಲೆಯ ಹಾಗೆ. ಕೂದಲು ಇಷ್ಟು ದಟ್ಟ ಇಲ್ಲ. ಎಡಗಡೆ ಹುಬ್ಬಿನಲ್ಲಿ ಬಕೀಟು ಬಡಿದ ಕಲೆ, ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ಮುಗಿಯಿತು ಎಂದು ಅಪ್ಪಾಜಿ ಕುಂಚ ಇಟ್ಟಾಗ ಅವಳು ಬಗ್ಗಿ ನೋಡಿ, "ಬಾಯಿ ಒಂಚೂರು ತೆಗ್ಸು ಸಾಮಿ. ಅವ್ನು ಯಾವಾಗ್ಲೂ ಮಾತಾಡ್ತಾನೇ ಇದ್ದ" ಎಂದಳು. ಅಪ್ಪಾಜಿ ತುಟಿಗಳ ನಡುವೆ ಒಂದು ಸಣ್ಣ ಕಪ್ಪು ಗೆರೆ ಎಳೆದರು.

ಆಗ ಅವಳು "ಆರ್ಮುಗಾ!" ಎಂದು ಕೂಗಿಕೊಂಡಳು. ಲೈನಿನ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಸೋಮ ಹೊಸ್ತಿಲ ಮೇಲಿಂದ ಎದ್ದು, ಯಾರೋ ತಪ್ಪು ಹೆಸರು ಹಿಡಿದು ಕರೆದರೆಂಬಂತೆ, "ನಾನು ಸೋಮ" ಎಂದ.

ಹೊರಡುವಾಗ ಅವಳು ಒಂದು ಗಂಟು ತಂದು ಅಪ್ಪಾಜಿಯ ಕೈಗಿತ್ತಳು. ಕಾರ್ಖಾನೆಯ ಕೆಲಸಗಾರರಿಗೆ ಬೇರೆಯಾಗಿ ಅಕ್ಕಿ ಕೊಡುತ್ತಿದ್ದರು. ಬಿಳಿ ಅಕ್ಕಿ, ಇಡೀ ಅಕ್ಕಿ. ಅಪ್ಪಾಜಿ ಬೇಡವೆಂದರು. ಎರಡನೆಯ ಸಲವೂ ಬೇಡವೆಂದರು. ಮೂರನೆಯ ಸಲ ಹೇಳಲಿಲ್ಲ.

ಮನೆಗೆ ಬಂದಾಗ ಜ್ವರ ಇಳಿದು ಎದ್ದು ಕೂತಿದ್ದ ಅಮ್ಮ ಗಂಟು ಬಿಚ್ಚಿ ಅಕ್ಕಿಯನ್ನು ಬೊಗಸೆಗೆ ತೆಗೆದುಕೊಂಡು ಮೂಸಿ ನೋಡಿದಳು. "ಎಲ್ಲಿಂದ ಬಂತು ಇದು?" ಎಂದಳು. ಅಪ್ಪಾಜಿ "ಒಂದು ಚಿತ್ರ ಬರೆದುಕೊಟ್ಟೆ" ಎಂದಷ್ಟೇ ಹೇಳಿದರು. ಮಿಕ್ಕಿದ್ದೆಲ್ಲವನ್ನೂ ಉತ್ಸಾಹದಿಂದ ಹೇಳಿದವಳು ನಾನು. ಅಮ್ಮನ ಬೊಗಸೆಯಿಂದ ಅಕ್ಕಿ ಮೊರಕ್ಕೆ ಸುರಿಯಿತು.

"ಸತ್ತ ಮಗೂನ ಜಾಗದಲ್ಲಿ ನನ್ ಮಗೂನ ಕೂರಿಸಿದ್ರಾ?"

"ಹಾಗ್ಯಾಕೆ ಅಂತೀಯ ಮಾರಾಯ್ತಿ? ಆ ತಾಯಿ ಮುಖ ನೀನು ನೋಡ್ಬೇಕಿತ್ತು."

"ನಾನ್ಯಾಕೆ ನೋಡ್ಲಿ?" ಎಂದಳು ಅಮ್ಮ. ಆದರೂ ಎದ್ದು ಒಲೆ ಹಚ್ಚಿದಳು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಬಿಳಿ ಅನ್ನ ಬೇಯುವ ವಾಸನೆ ಎದ್ದಿತು. ಸೋಮ ತಟ್ಟೆಯನ್ನು ಬೆರಳಿನಿಂದ ಒರೆಸಿ ಒರೆಸಿ ತಿಂದ. ಆ ದಿನ ಅಮ್ಮ ಊಟ ಮಾಡಲಿಲ್ಲ. ಮರುದಿನ ಮಾಡಿದಳು.

ಮುಂದಿನ ಭಾನುವಾರ ಗೋಡೆಯ ಕೆಲಸ ಮುಗಿಸಲು ಹೋದಾಗ ಮುನಿಯಮ್ಮನ ಮನೆಯ ಮುಂದೆ ಇನ್ನೂ ಮೂವರು ಕಾದಿದ್ದರು. ಆ ವರ್ಷ ಜ್ವರ ಲೈನುಮನೆಗಳನ್ನು ಒಂದೊಂದಾಗಿ ಹೊಕ್ಕು ಮಕ್ಕಳನ್ನು ಎತ್ತಿಕೊಂಡು ಹೋಗಿತ್ತು. ಯಾರ ಮನೆಯಲ್ಲೂ ಒಂದು ಫೋಟೋ ಇರಲಿಲ್ಲ. ತಮಿಳಿನವರು, ತೆಲುಗಿನವರು, ಹಳೇಪೇಟೆಯ ನಮ್ಮ ಕನ್ನಡದವರು, ಎಲ್ಲರೂ ಬರತೊಡಗಿದರು. ಗೋಡೆಯ ಕೆಲಸ ಮುಗಿದ ಮೇಲೂ ನಾವು ಪ್ರತಿ ಭಾನುವಾರ ರೈಲು ಹತ್ತಿದೆವು. ಒಬ್ಬರು ಅಕ್ಕಿ ಕೊಡುತ್ತಿದ್ದರು, ಒಬ್ಬರು ಬೇಳೆ. ಕೊಡಲು ಏನೂ ಇಲ್ಲದವರಿಗೂ ಅಪ್ಪಾಜಿ ಬರೆದುಕೊಟ್ಟರು.

ಸೋಮನಿಗೆ ಅದೊಂದು ಹೊಸ ಆಟ. ರೈಲು ಇಳಿಯುತ್ತಲೇ ಅವನು ಅಪ್ಪಾಜಿಯ ಕೈ ಜಗ್ಗುತ್ತಿದ್ದ.

"ಅಪ್ಪಾಜಿ, ಇವತ್ತು ನಾನ್ಯಾರು?"

"ಇವತ್ತು ನೀನು ಎಲ್ಲಯ್ಯ."

"ಎಲ್ಲಯ್ಯಂಗೆ ಏನಿಷ್ಟ?"

ಅದನ್ನು ಅವನು ಆ ಮನೆಯವರನ್ನೇ ಕೇಳುತ್ತಿದ್ದ. ಅವರು ಅಳುತ್ತ ಹೇಳುತ್ತಿದ್ದರು. ಗೋಲಿ, ಕಡಲೆ, ಮಾವಿನಕಾಯಿಗೆ ಉಪ್ಪು. ಮನೆಗೆ ಬಂದ ಮೇಲೆ ಎರಡು ದಿನ ಅವನು ಎಲ್ಲಯ್ಯನಾಗಿಯೇ ಇರುತ್ತಿದ್ದ. ಸೋಮ ಎಂದು ಕರೆದರೆ ತಿರುಗುತ್ತಿರಲಿಲ್ಲ. ಅಮ್ಮ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ನಾನೂ ಎರಡು ಸಲ ಕೂತೆ. ಒಂದು ಮನೆಯಲ್ಲಿ ಸತ್ತ ಹುಡುಗಿಯ ಅಜ್ಜಿ ನನ್ನನ್ನು ಕೂರಿಸುವ ಮೊದಲು ತಲೆಗೆ ಎಣ್ಣೆ ಹಚ್ಚಿ, ಬಾಚಿ, ಎರಡು ಜಡೆ ಹಾಕಿದಳು. ಹೆಣೆದು ಮುಗಿದ ಮೇಲೂ ಅವಳ ಕೈ ಜಡೆಯನ್ನು ಬಿಡಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ನನ್ನ ತಲೆ ನನ್ನದಲ್ಲ ಎಂಬಂತೆ ಇತ್ತು. ಸ್ಟೇಷನ್ನಿನಲ್ಲಿ ಇಳಿಯುವ ಮೊದಲೇ ಜಡೆ ಬಿಚ್ಚಿಬಿಟ್ಟೆ. ಆದರೆ ಮತ್ತೆ ಹೋಗುವುದಿಲ್ಲ ಎಂದು ನಾನು ಹೇಳಲಿಲ್ಲ. ಹಸಿವು ಎಂಥದೆಂದು ನನಗೆ ಗೊತ್ತಿತ್ತು.

ಈಗ ಇಲ್ಲಿ ಬರೆಯುವುದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ. ಒಂದು ಭಾನುವಾರ ಬೆಳಿಗ್ಗೆ ಸೋಮ ಎದ್ದೇಳಲು ಒಪ್ಪಲಿಲ್ಲ. ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು, "ನಾನ್ ಇವತ್ತು ಯಾರೂ ಆಗಲ್ಲ. ಮೈ ಕೈ ನೋಯ್ತಿದೆ" ಎಂದ. ಅಪ್ಪಾಜಿ ಬಣ್ಣ ಜೋಡಿಸಿಕೊಳ್ಳುತ್ತಿದ್ದರು. ಅವರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಬಿಟ್ಟು ಹೋಗುತ್ತಿದ್ದರು. ನಾನು ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದೆ.

"ನೀನು ಬರ್ಲಿಲ್ಲ ಅಂದ್ರೆ ಅಕ್ಕಿ ಸಿಗಲ್ಲ ಕಣೋ. ಆಮೇಲೆ ನೀನೇ ಗೋಧಿ ತಿನ್ನು."

ಅವನು ಎದ್ದು ಬಂದ. ಆ ದಿನ ಕೂತದ್ದು ಗಾಡಿ ಹೊಡೆಯುವವರೊಬ್ಬರ ಮಗನಿಗಾಗಿ. ಹುಡುಗನ ಹೆಸರು ಕೂಡ ನನಗೆ ಮರೆತಿದೆ. ಸೋಮ ಹಲ್ಲು ಕಟಕಟ ಎನ್ನದಂತೆ ದವಡೆ ಬಿಗಿಹಿಡಿದುಕೊಂಡು ಕೂತಿದ್ದ. ಚಿತ್ರದಲ್ಲಿ ಆ ಹುಡುಗ ಸಿಟ್ಟುಗೊಂಡವನಂತೆ ಕಾಣುತ್ತಿದ್ದ. ಅವನ ತಂದೆ ಮಾತ್ರ, "ಹೌದು ಸ್ವಾಮಿ, ಇವ ಹಿಂಗೇ ಸಿಟ್ಟು ಮಾಡ್ತಿದ್ದ" ಎಂದು ಕಣ್ಣು ಒರೆಸಿಕೊಂಡ.

ರೈಲಿನಲ್ಲಿ ಸೋಮನ ಮೈ ಕೆಂಡವಾಗಿತ್ತು.

ಚಳಿಜ್ವರಕ್ಕೆ ಕೊಯಿನಾ ಗುಳಿಗೆ ಒಂದೇ ಔಷಧ. ಅದು ಬರುತ್ತಿದ್ದ ದೇಶ ಶತ್ರುಗಳ ಕೈಗೆ ಹೋಗಿದೆಯೆಂದೂ ಇದ್ದಷ್ಟು ಸಿಪಾಯಿಗಳಿಗೆ ಹೋಗುತ್ತಿದೆಯೆಂದೂ ಆಸ್ಪತ್ರೆಯ ಕಾಂಪೌಂಡರು ಹೇಳಿದ. ಒಂದು ಸೀಸೆಯಲ್ಲಿ ಗುಲಾಬಿ ಬಣ್ಣದ ನೀರು ಕೊಟ್ಟ. ಅಪ್ಪಾಜಿ ಅಂಗಡಿ ಅಂಗಡಿ ಸುತ್ತಿದರು. ಮೂರನೆಯ ದಿನ ಭದ್ರಾವತಿಗೆ ಹೋಗಿ ಮುನಿಯಮ್ಮನನ್ನು ಕೇಳಿದರು. ಅವಳ ಗಂಡನಿಗೆ ಕಾರ್ಖಾನೆಯಲ್ಲಿ ಕೊಟ್ಟಿದ್ದ ಗುಳಿಗೆಗಳು ಐದು ಇದ್ದವು. ಅವನಿಗೂ ಜ್ವರ ಬಂದು ಹೋಗುತ್ತಿತ್ತು. ಆದರೂ ಅವಳು ಐದನ್ನೂ ಕೊಟ್ಟಳು. "ನಮ್ ಆರ್ಮುಗನ ಟೈಮಲ್ಲಿ ಇದೂ ಇರ್ಲಿಲ್ಲ ಸಾಮಿ. ಓಡು" ಎಂದಳಂತೆ.

ಗುಳಿಗೆ ಕೊಟ್ಟ ಎರಡು ದಿನ ಜ್ವರ ಇಳಿಯಿತು. ಸೋಮ ಗಂಜಿ ಕುಡಿದು, ಗೋಡೆಗೆ ಒರಗಿ ಕೂತು, ನನ್ನ ಜೊತೆ ಕವಡೆ ಆಡಿದ. ನಾನು ಬೇಕೆಂದೇ ಸೋತೆ. ಮೂರನೆಯ ದಿನ ಮಧ್ಯಾಹ್ನ ಜ್ವರ ಮತ್ತೆ ಬಂತು. ಈ ಸಲ ತಲೆಗೇರಿತು. ಅವನಿಗೆ ನಮ್ಮ ಗುರುತು ಹತ್ತಲಿಲ್ಲ. ಮಲಗಿಸಿದರೆ ಎದ್ದು ಕೂರುತ್ತಿದ್ದ. ಕೂತು, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಅಪ್ಪಾಜಿಯ ಕಡೆ ನೋಡುತ್ತಿದ್ದ. ಅಲುಗಾಡುತ್ತಿರಲಿಲ್ಲ.

"ಮಲಗು ಕಂದ" ಎಂದರು ಅಪ್ಪಾಜಿ. "ನಾನೇನೂ ಬರೀತಿಲ್ಲ. ನೋಡು, ಕೈಯಲ್ಲಿ ಏನೂ ಇಲ್ಲ."

ಅವನು "ಇವತ್ತು ನಾನ್ಯಾರು?" ಎಂದು ಕೇಳಿದ.

"ನೀನು ಸೋಮ. ನಮ್ಮ ಸೋಮ ಕಣೋ ನೀನು."

ಅವನಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯದು. ಮರುದಿನ ಬೆಳಿಗ್ಗೆ, ಬೀದಿಯಲ್ಲಿ ಮೊಸರಿನವಳು ಕೂಗಿಕೊಂಡು ಹೋಗುತ್ತಿದ್ದ ಹೊತ್ತಿನಲ್ಲಿ, ಅಮ್ಮನ ಮಡಿಲಲ್ಲಿ ಅವನ ಉಸಿರು ನಿಂತಿತು. ಸೋದರಮಾವ ಆಯನೂರಿನಿಂದ ಬರುವವರೆಗೆ ಕಾದು, ಹಣೆಗೆ ವಿಭೂತಿ ಹಚ್ಚಿ, ಮಣ್ಣು ಮಾಡಿದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಪಕ್ಕದ ಮನೆಯವರು ಕೊಟ್ಟ ಉಪ್ಪಿಟ್ಟನ್ನು ನಾನು ಹಿತ್ತಲಿನಲ್ಲಿ ಒಬ್ಬಳೇ ಕೂತು ತಿಂದೆ. ಪೂರ್ತಿ ತಿಂದೆ.

ಹದಿನೈದು ದಿನ ಅಮ್ಮ ಸೋಮನ ಕಂಬಳಿಯನ್ನು ಹಾಸಿದಲ್ಲೇ ಬಿಟ್ಟಿದ್ದಳು. ಆಮೇಲೆ ಒಂದು ಬೆಳಿಗ್ಗೆ ಅಪ್ಪಾಜಿಯ ಹಲಗೆಯನ್ನೂ ಬಣ್ಣದ ಬಟ್ಟಲುಗಳನ್ನೂ ತಂದು ಅವರ ಮುಂದಿಟ್ಟಳು.

"ಊರ ಮಕ್ಕಳನ್ನೆಲ್ಲ ಬರೆದ್ರಿ. ನನ್ ಮಗೂನ ಬರ್ಕೊಡಿ."

ಅಪ್ಪಾಜಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅಕ್ಕ ತಮ್ಮನ ಹಣೆ ಒಂದೇ ಥರ ಇರುತ್ತದೆ ಎಂದರು. ಅಮ್ಮ ಅವರ ಬೆನ್ನ ಹಿಂದೆ ನಿಂತಳು, ಭದ್ರಾವತಿಯ ತಾಯಂದಿರು ನಿಲ್ಲುತ್ತಿದ್ದ ಜಾಗದಲ್ಲಿ. ಮೂಗು ಇಷ್ಟು ಚೂಪಲ್ಲ, ಗಲ್ಲ ದುಂಡಗೆ ಎಂದು ಹೇಳುತ್ತ ಹೋದಳು. ಅಪ್ಪಾಜಿಯ ಕೈ ತಾನೇ ತಾನಾಗಿ ಓಡಿತು. ಮುಗಿದಾಗ ಹಲಗೆಯ ಮೇಲೆ ದೊಡ್ಡ ಕಿವಿಯ ಆರ್ಮುಗ ಕೂತಿದ್ದ. ಅದನ್ನು ಅಳಿಸಿ ಬರೆದರೆ ಎಲ್ಲಯ್ಯ ಬಂದ. ಮತ್ತೆ ಬರೆದರೆ ಸಿಟ್ಟಿನ ಹುಡುಗ. ಅಪ್ಪಾಜಿ ನನ್ನನ್ನು ಕೇಳಿದರು, "ಗಿರಿಜಾ, ಅವನ ಹುಬ್ಬು ಕೂಡಿತ್ತಾ, ಬೇರೆ ಬೇರೆ ಇತ್ತಾ?" ನಾನು ನನ್ನ ಹುಬ್ಬನ್ನೇ ಮುಟ್ಟಿ ನೋಡಿಕೊಂಡೆ. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಅವರು ಕುಂಚವನ್ನು ನೀರಿನಲ್ಲಿ ಅದ್ದಿ, ಒರೆಸದೆ, ಹಾಗೇ ಕೆಳಗಿಟ್ಟರು.

"ನಂಗೆ ಕಾಣ್ತಿಲ್ಲ ಕಣೆ. ಎಲ್ಲಾರೂ ಬರ್ತಾರೆ. ಅವನೊಬ್ಬ ಬರಲ್ಲ."

ಅಮ್ಮ ಅವರನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಮುಂದಿನ ಭಾನುವಾರ ಸೀರೆ ಬದಲಿಸಿ, "ಆ ಹೆಂಗಸಿನ ಮನೆ ತೋರ್ಸು ಬಾ" ಎಂದು ನನ್ನನ್ನು ಎಬ್ಬಿಸಿದಳು. ಅಪ್ಪಾಜಿ ಜಗಲಿಯ ಮೇಲೆ ಕೂತಿದ್ದರು. ನಮಗೆ ದಾರಿ ಬಿಡಲು ಕಾಲು ಮಡಚಿಕೊಂಡರು.

ರೈಲಿನಲ್ಲಿ ಅಮ್ಮ ಕಿಟಕಿಯಿಂದ ಹೊರಗೆ ನೋಡಲೇ ಇಲ್ಲ. ಲೈನುಮನೆಗಳ ಮುಂದೆ ಗೋಡೆಯ ಮೇಲಿನ ದಪ್ಪ ರೈತನನ್ನು ದಾಟಿ ನಾವು ಮುನಿಯಮ್ಮನ ಬಾಗಿಲಿಗೆ ಹೋದೆವು. ನಾನು ಏನೂ ಹೇಳಬೇಕಾಗಲಿಲ್ಲ. ಅಮ್ಮನ ಮುಖ ನೋಡಿದ ಮುನಿಯಮ್ಮನಿಗೆ ಎಲ್ಲ ತಿಳಿಯಿತು. "ಅಯ್ಯೋ, ಆ ಪೈಯನ್ನಾ?" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಒಳಗೆ ಗೋಡೆಯ ಮೇಲೆ ಆ ಚಿತ್ರವಿತ್ತು. ಅಂಚಿಗೆ ಬಿದಿರು ಕಡ್ಡಿ ಕಟ್ಟಿ ಚೌಕಟ್ಟು ಮಾಡಿದ್ದರು. ಹಣೆಗೆ ಕುಂಕುಮ, ಮೇಲೆ ಒಂದು ಕನಕಾಂಬರದ ಎಸಳು. ಅಮ್ಮ ಹತ್ತಿರ ಹೋಗಿ ನಿಂತಳು. ಅವಳು ಚಿತ್ರವನ್ನು ನೋಡುತ್ತಿದ್ದಳು, ಮುನಿಯಮ್ಮ ಅವಳನ್ನು ನೋಡುತ್ತಿದ್ದಳು. ಆಮೇಲೆ ಅಮ್ಮ ಎರಡೂ ಕೈ ಎತ್ತಿ, ಒಂದೊಂದು ಅಂಗೈಯಿಂದ ಚಿತ್ರದ ಒಂದೊಂದು ಕಿವಿಯನ್ನು ಮುಚ್ಚಿದಳು. ಹೆಬ್ಬೆರಳನ್ನು ಚಾಚಿ ಎಡಹುಬ್ಬಿನ ಕಲೆಯನ್ನು ಮುಚ್ಚಿದಳು. ಹಾಗೆಯೇ ನಿಂತು ನೋಡಿದಳು. ಅವಳ ಬೆನ್ನು ನನ್ನ ಕಡೆಗಿತ್ತು. ಅವಳಿಗೆ ಏನು ಕಂಡಿತೋ ನನಗೆ ಗೊತ್ತಿಲ್ಲ.

ಮುನಿಯಮ್ಮ ಚಿತ್ರವನ್ನು ಮೊಳೆಯಿಂದ ತೆಗೆದು ಅಮ್ಮನ ಕಡೆಗೆ ಚಾಚಿದಳು. "ತಕ್ಕೊಂಡೋಗಮ್ಮ" ಎಂದಳು. ಹಾಗೆನ್ನುತ್ತಿದ್ದರೂ ಚೌಕಟ್ಟಿನ ಒಂದು ತುದಿಯನ್ನು ಹಿಡಿದಿದ್ದ ಅವಳ ಕೈ ಸಡಿಲವಾಗಲಿಲ್ಲ. ಅದನ್ನು ನಾನೂ ಕಂಡೆ, ಅಮ್ಮನೂ ಕಂಡಳು.

"ಬೇಡಮ್ಮ. ಇವನು ನಿನ್ ಮಗನೇ. ನಮ್ಮವ್ರು ಸರಿಯಾಗೇ ಬರ್ದಿದಾರೆ."

ಇಬ್ಬರೂ ನೆಲದ ಮೇಲೆ ಕೂತರು. ಅಮ್ಮನಿಗೆ ತಮಿಳು ಬಾರದು, ಮುನಿಯಮ್ಮನಿಗೆ ಅಳುವಾಗ ಕನ್ನಡ ಬಾರದು. ನಾವು ಹೊರಡುವಾಗ ಅವಳು ಅಕ್ಕಿಯ ಗಂಟು ಕಟ್ಟಿಕೊಟ್ಟಳು. ಅಮ್ಮ ಅದನ್ನು ಬಾಗಿಲ ಪಕ್ಕದಲ್ಲೇ ಇಟ್ಟು ಬಂದಳು. ದಾರಿಯುದ್ದಕ್ಕೂ ನನ್ನ ಮನಸ್ಸು ಆ ಗಂಟಿನ ಮೇಲೆಯೇ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಅಪ್ಪಾಜಿ ಮತ್ತೆ ಯಾರ ಮುಖವನ್ನೂ ಬರೆಯಲಿಲ್ಲ. ಹುಡುಕಿಕೊಂಡು ಶಿವಮೊಗ್ಗದವರೆಗೂ ಬಂದ ತಾಯಂದಿರನ್ನು ಬಾಗಿಲಿನಿಂದಲೇ ಕಳಿಸಿದರು. ಒಬ್ಬಳು ಓಣಿಯ ತುದಿಯವರೆಗೆ ತಿರುಗಿ ತಿರುಗಿ ನೋಡುತ್ತ ಹೋದಳು. ಯುದ್ಧ ಮುಗಿಯುವ ಹೊತ್ತಿಗೆ ಅಪ್ಪಾಜಿಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ನಂಬರು ಬರೆಯುವ ಕೆಲಸ ಸಿಕ್ಕಿತು. ಒಂದರಿಂದ ಒಂಬತ್ತು, ಒಂದು ಸೊನ್ನೆ. ಇಪ್ಪತ್ತು ವರ್ಷ ಅದನ್ನೇ ಬರೆದರು. ಅಂಟು ಕುದಿಸುವ ಮಡಕೆ ಹಿತ್ತಲಿನಲ್ಲಿ ಒಡೆದು ಬಿದ್ದಿತ್ತು. ನಾಟಕದ ಕಂಪನಿಗಳು ಮತ್ತೆ ಬಂದಾಗ ಅವರು ನೋಡಲು ಕೂಡ ಹೋಗಲಿಲ್ಲ.

ಮದುವೆಯಾಗಿ, ಮಕ್ಕಳಾದ ಮೇಲೆ ನಾನು ಒಮ್ಮೆ ಭದ್ರಾವತಿಗೆ ಹೋಗಿ ವಿಚಾರಿಸಿದೆ. ಮುನಿಯಮ್ಮನ ಮನೆಯವರು ಊರಿಗೆ ಹಿಂತಿರುಗಿ ಎಷ್ಟೋ ಕಾಲವಾಗಿತ್ತು. ಆ ಲೈನುಮನೆಗಳನ್ನು ಕೆಡವಿ ಬೇರೆ ಕಟ್ಟಿದ್ದರು. ಉಳಿದ ಒಂದೆರಡು ಕುಟುಂಬಗಳವರು, "ನಮ್ಮಜ್ಜಿ ಹತ್ರ ಅಂಥದ್ದೊಂದು ಚಿತ್ರ ಇತ್ತು, ಗೆದ್ದಲು ತಿಂತು" ಎಂದರು. ಹಳೆಯ ಕಾಗದ, ಮನೆಯಲ್ಲಿ ಕಲಸಿದ ಬಣ್ಣ. ಅದು ಎಷ್ಟು ದಿನ ತಾಳೀತು?

ಈಗ ನನ್ನ ಮೊಮ್ಮಕ್ಕಳು ಒಂದು ಹುಟ್ಟುಹಬ್ಬಕ್ಕೆ ತೆಗೆಸಿಕೊಳ್ಳುವಷ್ಟು ಫೋಟೋ ನಮ್ಮ ಆಗಿನ ಇಡೀ ಕೋಟೆಯಲ್ಲಿ ಇರಲಿಲ್ಲ. ಸೋಮನ ಧ್ವನಿ ನನಗೆ ನೆನಪಿದೆ. ಅವನು ಹುಲಿಯಾಗಿ ಊಟಕ್ಕೆ ಬರುತ್ತಿದ್ದದ್ದು, ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡದ್ದು ನೆನಪಿದೆ. ಅಮ್ಮ ಹೋದಳು, ಅಪ್ಪಾಜಿ ಹೋದರು, ಸೋದರಮಾವನೂ ಹೋದ. ಸೋಮನನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ನನಗೂ ಅವನ ಮುಖ ನೆನಪಿಲ್ಲ.